ಮೂರನೆಯ ಅಭ್ಯರ್ಥಿ ಮತ್ತು ಒಡೆದ ಮತ: ಚುನಾವಣಾ ಆಯೋಗಕ್ಕೆ ಮನವಿ ಪತ್ರ

ಇವರಿಗೆ:
ಮುಖ್ಯ ಚುನಾವಣಾ ಆಯುಕ್ತರು ಮತ್ತು ಚುನಾವಣಾ ಆಯುಕ್ತರು,
ಭಾರತ ಚುನಾವಣಾ ಆಯೋಗ, ನಿರ್ವಾಚನ ಸದನ, ನವದೆಹಲಿ
(ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಗಳ ಮೂಲಕ)

ವಿಷಯ: ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಲ್ಲಿ ಮತ ವಿಭಜನೆಯಿಂದಾಗುವ ಏರುಪೇರು, ಡಮ್ಮಿ ಅಭ್ಯರ್ಥಿಗಳ ಹಾವಳಿ ಹಾಗೂ ಪ್ರಾಶಸ್ತ್ಯ ಮತದಾನದ ಅಳವಡಿಕೆ ಕುರಿತು ಕರ್ನಾಟಕದ ಮತದಾರರ ಮನವಿ.

ಒಂದೇ ನಿಲುವಿನ ಮತದಾರರ ಮುಂದೆ ಇಬ್ಬರು ಅಭ್ಯರ್ಥಿಗಳು ನಿಂತು, ಮತಗಳು ಇಬ್ಬರಿಗೂ ಹಂಚಿಹೋಗಿ, ಹೆಚ್ಚಿನವರಿಗೆ ಬೇಡವಾದ ಇನ್ನೊಬ್ಬ ಗೆದ್ದುಬರುವುದನ್ನು ಮತ ವಿಭಜನೆ ಎನ್ನುತ್ತಾರೆ. ನೂರು ಮತಗಳ ಒಂದು ಊರಿದೆ ಎಂದುಕೊಳ್ಳಬಹುದು. ಅರವತ್ತು ಮಂದಿಗೆ ಊರ ಕೆರೆಯ ಹೂಳೆತ್ತಿಸಬೇಕು, ನಲವತ್ತು ಮಂದಿಗೆ ಕೆರೆ ಮುಚ್ಚಿ ನಿವೇಶನ ಮಾಡಬೇಕು. ಹೂಳೆತ್ತುವವರ ಕಡೆಯಿಂದ ಇಬ್ಬರು ನಿಂತು ತಲಾ ಮೂವತ್ತು ಮತ ಪಡೆದರೆ ನಲವತ್ತರವನು ಗೆಲ್ಲುತ್ತಾನೆ, ಕೆರೆ ಹೋಗುತ್ತದೆ. ಯಾರೂ ಮೋಸ ಮಾಡಿಲ್ಲ, ಎಣಿಕೆಯಲ್ಲಿ ತಪ್ಪಿಲ್ಲ. ಆದರೂ ಊರು ಕೇಳಿದ್ದು ಒಂದು, ಊರಿಗೆ ಸಿಕ್ಕಿದ್ದು ಇನ್ನೊಂದು.

ಈ ಫಲಿತಾಂಶಕ್ಕೆ ದಾರಿ ಮಾಡಿಕೊಡುವುದು ಸಂವಿಧಾನವಲ್ಲ. ಲೋಕಸಭೆಗೆ ಸಂಬಂಧಿಸಿದ 81ನೇ ವಿಧಿ ಮತ್ತು ವಿಧಾನಸಭೆಗೆ ಸಂಬಂಧಿಸಿದ 170ನೇ ವಿಧಿ ಕ್ಷೇತ್ರಗಳಿಂದ ನೇರ ಚುನಾವಣೆ ಆಗಬೇಕೆನ್ನುತ್ತವೆಯೇ ಹೊರತು ಮತ ಹೇಗೆ ಎಣಿಸಬೇಕೆಂದು ಹೇಳುವುದಿಲ್ಲ. ಅತಿ ಹೆಚ್ಚು ಕ್ರಮಬದ್ಧ ಮತ ಪಡೆದವನೇ ಗೆದ್ದವನು ಎಂಬ ಮಾತು ಇರುವುದು 1961ರ ಚುನಾವಣೆ ನಡೆಸುವ ನಿಯಮಗಳಲ್ಲಿ, 64ನೇ ನಿಯಮದಲ್ಲಿ. ಅರ್ಧಕ್ಕಿಂತ ಹೆಚ್ಚು ಮತ ಬೇಕು ಎಂಬ ಷರತ್ತು ಅಲ್ಲಿಲ್ಲ. ಶೇ. 30 ಪಡೆದವನೂ ಶೇ. 70 ಪಡೆದವನೂ ಒಂದೇ ಪ್ರಮಾಣಪತ್ರ ಹಿಡಿದು ವಿಧಾನಸೌಧದ ಮೆಟ್ಟಿಲು ಹತ್ತುತ್ತಾರೆ.

ಕರ್ನಾಟಕದ ಮಟ್ಟಿಗೆ ಇದರ ಸ್ಪಷ್ಟ ನಿದರ್ಶನ 2013ರ ವಿಧಾನಸಭಾ ಚುನಾವಣೆ. 2008ರಲ್ಲಿ ಭಾರತೀಯ ಜನತಾ ಪಕ್ಷ ಶೇ. 33.9ರಷ್ಟು ಮತಕ್ಕೆ 110 ಸ್ಥಾನ ಪಡೆದಿತ್ತು. ಮುಂದಿನ ಚುನಾವಣೆಯ ಹೊತ್ತಿಗೆ ಪಕ್ಷ ಮೂರು ಹೋಳಾಗಿತ್ತು. ಬಿ.ಎಸ್. ಯಡಿಯೂರಪ್ಪ ಕರ್ನಾಟಕ ಜನತಾ ಪಕ್ಷಕ್ಕೆ ಹೋಗಿದ್ದರು, ಬಿ. ಶ್ರೀರಾಮುಲು ಬಿಎಸ್ಆರ್ ಕಾಂಗ್ರೆಸ್ ಕಟ್ಟಿದ್ದರು. ಬಿಜೆಪಿಗೆ ಶೇ. 19.9, ಕೆಜೆಪಿಗೆ ಶೇ. 9.8, ಬಿಎಸ್ಆರ್ ಕಾಂಗ್ರೆಸ್ಸಿಗೆ ಶೇ. 2.7 ಮತ ಬಂದವು. ಕೂಡಿದರೆ ಶೇ. 32.4, ಹಿಂದಿನದಕ್ಕಿಂತ ಒಂದೂವರೆ ಅಂಶವಷ್ಟೇ ಕಡಿಮೆ. ಸ್ಥಾನಗಳು ಮಾತ್ರ 40, 6 ಮತ್ತು 4. ನೂರಾ ಹತ್ತು ಇದ್ದದ್ದು ಮೂರೂ ಸೇರಿ ಐವತ್ತಾಯಿತು. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಮತ ಶೇ. 34.8ರಿಂದ 36.6ಕ್ಕೆ ಏರಿತು, ಎರಡು ಅಂಶವೂ ಅಲ್ಲ. ಸ್ಥಾನಗಳು 80ರಿಂದ 122ಕ್ಕೆ ಜಿಗಿದವು. ಜಾತ್ಯತೀತ ಜನತಾದಳ ಬಿಜೆಪಿಗಿಂತ ಕೂದಲೆಳೆಯಷ್ಟು ಹೆಚ್ಚು ಮತ ಪಡೆದು ಅಷ್ಟೇ ಸ್ಥಾನ ಗಳಿಸಿತು. ಮತದಾರರ ಮನಸ್ಸು ಸ್ವಲ್ಪ ಬದಲಾಯಿತು, ವಿಧಾನಸಭೆ ಪೂರ್ತಿ ಬದಲಾಯಿತು.

ಇದು ಒಂದು ಪಕ್ಷದ ಅಳಲಲ್ಲ. 2008ರಲ್ಲಿ ಕಾಂಗ್ರೆಸ್ಸಿಗೆ ಬಿಜೆಪಿಗಿಂತ ಹೆಚ್ಚು ಮತವಿದ್ದೂ ಮೂವತ್ತು ಸ್ಥಾನ ಕಡಿಮೆ ಬಂದಿತ್ತು. 2018ರಲ್ಲಿ ಕಾಂಗ್ರೆಸ್ಸಿಗೆ ಶೇ. 38ರಷ್ಟು ಮತ, 80 ಸ್ಥಾನ; ಬಿಜೆಪಿಗೆ ಶೇ. 36ರಷ್ಟು ಮತ, 104 ಸ್ಥಾನ. ತ್ರಿಕೋನ ಸ್ಪರ್ಧೆಯ ಕತ್ತಿ ಒಂದೊಂದು ಸಲ ಒಬ್ಬೊಬ್ಬರ ಕುತ್ತಿಗೆಗೆ ಬೀಳುತ್ತದೆ. ಗೆದ್ದವರು ಅದನ್ನು ಜನಾದೇಶ ಎನ್ನುತ್ತಾರೆ, ಸೋತವರು ಮತ ವಿಭಜನೆ ಎನ್ನುತ್ತಾರೆ. ಐದು ವರ್ಷಕ್ಕೆ ಮಾತು ಅದಲುಬದಲಾಗುತ್ತದೆ.

ಇಂತಹ ಲೆಕ್ಕಗಳನ್ನು ಕಣ್ಣುಮುಚ್ಚಿ ನಂಬುವಂತಿಲ್ಲ ಎಂಬುದನ್ನೂ ಹೇಳಬೇಕು. ಕೆಜೆಪಿಗೆ ಹೋದ ಪ್ರತಿ ಮತವೂ ಕೆಜೆಪಿ ಇಲ್ಲದಿದ್ದರೆ ಬಿಜೆಪಿಗೇ ಬೀಳುತ್ತಿತ್ತು ಎನ್ನಲಾಗದು. ಕೆಲವರು ವ್ಯಕ್ತಿಯನ್ನು ನೋಡಿ ಹಾಕಿದವರು, ಕೆಲವರು ಸರ್ಕಾರದ ಮೇಲಿನ ಸಿಟ್ಟಿಗೆ ಹಾಕಿದವರು, ಕೆಲವರು ಮತಗಟ್ಟೆಗೇ ಬರುತ್ತಿರಲಿಲ್ಲ. ಅಮೆರಿಕದ 2000ನೇ ಇಸವಿಯ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯವನ್ನು ಜಾರ್ಜ್ ಬುಷ್ 537 ಮತಗಳಿಂದ ಗೆದ್ದರು. ಅಲ್ಲಿ ಮೂರನೆಯವರಾದ ರಾಲ್ಫ್ ನೇಡರ್ ಅವರಿಗೆ ಬಿದ್ದದ್ದು 97,488 ಮತ. ಅಲ್ ಗೋರ್ ಸೋಲಿಗೆ ನೇಡರ್ ಕಾರಣರೇ ಎಂಬ ಜಗಳ ಇನ್ನೂ ಮುಗಿದಿಲ್ಲ, ಮುಗಿಯುವುದೂ ಇಲ್ಲ. ಏಕೆಂದರೆ ನೇಡರ್ ಮತದಾರರ ಎರಡನೆಯ ಆಯ್ಕೆ ಯಾವುದಿತ್ತು ಎಂದು ಮತಪತ್ರ ಕೇಳಲೇ ಇಲ್ಲ. ದೋಷದ ಬೇರು ಅಲ್ಲಿದೆ. ಒಂದೇ ಗುರುತಿನ ಮತಪತ್ರ ಮತದಾರನ ಮನಸ್ಸಿನ ಮೊದಲ ಸಾಲನ್ನು ಮಾತ್ರ ಬರೆದುಕೊಂಡು ಉಳಿದದ್ದನ್ನು ಎಸೆಯುತ್ತದೆ.

ಎಣಿಕೆಗೂ ಮೊದಲೇ ಈ ಪದ್ಧತಿ ಕೆಲಸ ಮಾಡಲು ತೊಡಗಿರುತ್ತದೆ. ಹೊಸ ಪಕ್ಷದವನೋ ಪಕ್ಷೇತರನೋ ಒಳ್ಳೆಯವನೆಂದು ಊರಿಗೆಲ್ಲ ಗೊತ್ತಿದ್ದರೂ ‘ಅವನಿಗೆ ಹಾಕಿದರೆ ಓಟು ಹಾಳು’ ಎಂಬ ಒಂದು ಮಾತು ಅವನ ಠೇವಣಿ ಕಳೆಯಲು ಸಾಕು. ಮತದಾರ ತನಗೆ ಬೇಕಾದವನನ್ನು ಬಿಟ್ಟು, ಬೇಡದವನನ್ನು ಸೋಲಿಸಬಲ್ಲವನ ಗುಂಡಿ ಒತ್ತಿ ಬರುತ್ತಾನೆ. ಆ ಅಭ್ಯರ್ಥಿಗೆ ನಿಜವಾಗಿ ಎಷ್ಟು ಬೆಂಬಲವಿತ್ತು ಎಂಬುದು ಯಾವ ದಾಖಲೆಗೂ ಸೇರುವುದಿಲ್ಲ.

ಇಷ್ಟು ಹೊತ್ತು ಹೇಳಿದ್ದು ಪ್ರಾಮಾಣಿಕ ಸ್ಪರ್ಧೆಯಿಂದ ಆಗುವ ವಿಭಜನೆ. ಡಮ್ಮಿ ಅಭ್ಯರ್ಥಿಗಳನ್ನು ನಿಲ್ಲಿಸಿ ಬೇಕೆಂದೇ ಮಾಡಿಸುವ ವಿಭಜನೆ ಬೇರೆ. ಎದುರಾಳಿಯ ಹೆಸರಿನವನನ್ನೇ ಹುಡುಕಿ ತಂದು ನಾಮಪತ್ರ ಹಾಕಿಸುವುದು ಅದರ ಹಳೆಯ ವರಸೆ. ಹಾಕಿಸಿದವರು ಯಾರೆಂದು ಸಾಬೀತಾಗುವುದು ಅಪರೂಪ. ಪರಿಣಾಮ ಮಾತ್ರ ಲೆಕ್ಕದಲ್ಲಿ ಕಾಣುತ್ತದೆ. ಕೇರಳದ ಆಲಪ್ಪುಳದಲ್ಲಿ 2004ರ ಲೋಕಸಭಾ ಚುನಾವಣೆಯಲ್ಲಿ ವಿ.ಎಂ. ಸುಧೀರನ್ 1,009 ಮತಗಳಿಂದ ಸೋತರು. ಬಹುತೇಕ ಅದೇ ಹೆಸರಿನ ಪಕ್ಷೇತರರೊಬ್ಬರಿಗೆ ಎಂಟು ಸಾವಿರಕ್ಕೂ ಹೆಚ್ಚು ಮತ ಬಿದ್ದಿತ್ತು. ಛತ್ತೀಸಗಢದ ಮಹಾಸಮುಂದದಲ್ಲಿ 2014ರಲ್ಲಿ ಬಿಜೆಪಿಯ ಚಂದೂಲಾಲ್ ಸಾಹು ಅವರ ಎದುರು ಅದೇ ಅಥವಾ ಅದನ್ನೇ ಹೋಲುವ ಹೆಸರಿನ ಹತ್ತರಷ್ಟು ಮಂದಿ ಕಣದಲ್ಲಿದ್ದರು. ಅವರು 1,217 ಮತಗಳ ಅಂತರದಲ್ಲಿ ಹೇಗೋ ದಡ ಸೇರಿದರು. ಕನ್ನಡಿಗರು ಮತ್ತು ತುಳುವರು ದೊಡ್ಡ ಸಂಖ್ಯೆಯಲ್ಲಿರುವ ಮಂಜೇಶ್ವರದ ಕಥೆ ಇನ್ನೂ ಹತ್ತಿರದ್ದು. 2016ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಬಿಜೆಪಿಯ ಕೆ. ಸುರೇಂದ್ರನ್ 89 ಮತಗಳಿಂದ ಸೋತರು. ಹೋಲುವ ಹೆಸರಿನ ಇನ್ನೊಬ್ಬ ಅಭ್ಯರ್ಥಿಗೆ ಬಿದ್ದದ್ದು 467. ಒಂದೊಂದು ಮತಕ್ಕೂ ಬೆಲೆಯಿದೆ ಎಂದು ಕರ್ನಾಟಕಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ, 2023ರಲ್ಲಿ ಜಯನಗರದ ಫಲಿತಾಂಶ ನಿಂತದ್ದು 16 ಮತಗಳ ಮೇಲೆ.

ಚಿಹ್ನೆಯಿಂದಲೂ ಇದೇ ಗೊಂದಲ ಹುಟ್ಟುತ್ತದೆ. 2024ರಲ್ಲಿ ಮಹಾರಾಷ್ಟ್ರದ ಸಾತಾರಾದಲ್ಲಿ ಶರದ್ ಪವಾರ್ ಬಣದ ಚಿಹ್ನೆ ಕಹಳೆ ಊದುವ ಮನುಷ್ಯ. ಪಕ್ಷೇತರರೊಬ್ಬರಿಗೆ ಬರೀ ಕಹಳೆಯ ಚಿಹ್ನೆ ಸಿಕ್ಕಿತ್ತು. ಪವಾರ್ ಬಣದ ಅಭ್ಯರ್ಥಿ 32,771 ಮತಗಳಿಂದ ಸೋತರು, ಕಹಳೆಗೆ 37,062 ಮತ ಬಿತ್ತು. ಆಯೋಗ ಆ ಚಿಹ್ನೆಯನ್ನು ತಡೆಹಿಡಿದದ್ದು ಫಲಿತಾಂಶದ ನಂತರ.

ಪರಿಹಾರವೆಂದು ಸಾಮಾನ್ಯವಾಗಿ ಎರಡು ಸಲಹೆ ಬರುತ್ತವೆ: ಠೇವಣಿ ಏರಿಸಿ, ಇಲ್ಲವೇ ಪಕ್ಷೇತರರನ್ನು ನಿಷೇಧಿಸಿ. ಮೊದಲನೆಯದನ್ನು ದೇಶ ಒಮ್ಮೆ ಮಾಡಿ ನೋಡಿದೆ. 1996ರ ಲೋಕಸಭಾ ಚುನಾವಣೆಯಲ್ಲಿ 13,952 ಮಂದಿ ಕಣದಲ್ಲಿದ್ದರು. ನಲ್ಗೊಂಡದಲ್ಲಿ 480, ಗಡಿ ವಿವಾದದ ಪ್ರತಿಭಟನೆಗೆ ಗುರಿಯಾದ ಬೆಳಗಾವಿಯಲ್ಲಿ 456 ಅಭ್ಯರ್ಥಿಗಳು. ಮತಪತ್ರ ಪುಸ್ತಕದಷ್ಟಾಯಿತು. ಆ ಬಳಿಕ ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು, ಮಾನ್ಯತೆ ಪಡೆದ ಪಕ್ಷಗಳಿಗೆ ಸೇರದವರಿಗೆ ಹತ್ತು ಮಂದಿ ಸೂಚಕರು ಬೇಕಾದರು, 1998ರಲ್ಲಿ ಅಭ್ಯರ್ಥಿಗಳ ಸಂಖ್ಯೆ 4,750ಕ್ಕೆ ಇಳಿಯಿತು. ಈಗ ಠೇವಣಿ ಲೋಕಸಭೆಗೆ 25,000, ವಿಧಾನಸಭೆಗೆ 10,000. ಆದರೆ ಸಂಖ್ಯೆ ಇಳಿದಂತೆ ವಿಭಜನೆ ಇಳಿಯಲಿಲ್ಲ, 2013 ಅದಕ್ಕೆ ಸಾಕ್ಷಿ. ಮತ ಒಡೆಯಬಲ್ಲ ಬಂಡಾಯ ಅಭ್ಯರ್ಥಿಗೆ, ಡಮ್ಮಿಯನ್ನು ನಿಲ್ಲಿಸುವ ಕುಳಕ್ಕೆ ಹತ್ತು ಸಾವಿರ ರೂಪಾಯಿ ದೊಡ್ಡದಲ್ಲ. ಅದು ದೊಡ್ಡದಾಗುವುದು ಕೂಲಿ ಕಾರ್ಮಿಕರ ನಡುವಿನಿಂದ ಬಂದವನಿಗೆ. ಪಕ್ಷೇತರರನ್ನು ತಡೆಯಬೇಕೆಂದು ಕಾನೂನು ಆಯೋಗ 2015ರ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿದೆ. ನೆಗಡಿಗೆ ಮೂಗು ಕೊಯ್ಯುವ ಈ ಮದ್ದನ್ನು ಮನವಿದಾರರು ಒಪ್ಪುವುದಿಲ್ಲ.

ಒಪ್ಪಬಹುದಾದ ಮದ್ದು ದೇಶದಲ್ಲಿ ಆಗಲೇ ಬಳಕೆಯಲ್ಲಿದೆ. ರಾಷ್ಟ್ರಪತಿಯ ಆಯ್ಕೆಯಲ್ಲಿ ಮತದಾರರು ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯುತ್ತಾರೆ. 1969ರಲ್ಲಿ ವಿ.ವಿ. ಗಿರಿ ಅವರಿಗೆ 4,01,515, ನೀಲಂ ಸಂಜೀವ ರೆಡ್ಡಿ ಅವರಿಗೆ 3,13,548, ಸಿ.ಡಿ. ದೇಶಮುಖ್ ಅವರಿಗೆ 1,12,769 ಮೊದಲ ಪ್ರಾಶಸ್ತ್ಯದ ಮತಮೌಲ್ಯ ಬಂತು. ಗೆಲ್ಲಲು ಬೇಕಿದ್ದದ್ದು 4,18,169. ಯಾರೂ ಮುಟ್ಟಿರಲಿಲ್ಲ. ಕೆಳಗಿನವರ ಮತಗಳನ್ನು ಎರಡನೆಯ ಪ್ರಾಶಸ್ತ್ಯದಂತೆ ಹಂಚಿದಾಗ ಗಿರಿ 4,20,077ಕ್ಕೂ ರೆಡ್ಡಿ 4,05,427ಕ್ಕೂ ಬಂದು ನಿಂತರು. ಹಂಚಿಕೆಯಲ್ಲಿ ಸಿಂಹಪಾಲು ರೆಡ್ಡಿಯವರಿಗೇ ಹೋಯಿತು ಎಂಬುದು ಗಮನಾರ್ಹ. ದೇಶಮುಖರಿಗೆ ಕೊಟ್ಟ ಮತ ಹಾಳಾಗಲಿಲ್ಲ, ಆದರೂ ಗೆದ್ದವರು ಅರ್ಧ ದಾಟಿದವರೇ. ಕರ್ನಾಟಕದ ವಿಧಾನ ಪರಿಷತ್ತಿನ ಏಳು ಪದವೀಧರ ಮತ್ತು ಏಳು ಶಿಕ್ಷಕರ ಕ್ಷೇತ್ರಗಳಲ್ಲಿ ಇದೇ ಪದ್ಧತಿ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಪೆನ್ನಿನಲ್ಲಿ ಅಂಕಿ ಬರೆಯುವುದು ಲಕ್ಷಾಂತರ ಕನ್ನಡಿಗರಿಗೆ ಹೊಸದಲ್ಲ.

ತೊಡಕುಗಳಿವೆ. ಪರಿಷತ್ತಿನ ಎಣಿಕೆ ರಾತ್ರಿಯೆಲ್ಲ ನಡೆದು ಮಾರನೆಯ ದಿನಕ್ಕೂ ಉಳಿಯುವುದುಂಟು. ಪದವೀಧರರದ್ದೇ ಸಾವಿರಾರು ಮತ ಅಸಿಂಧುವಾಗುತ್ತವೆ. ಈಗಿನ ಮತಯಂತ್ರ ಒಂದು ಒತ್ತುವಿಕೆಯನ್ನಷ್ಟೇ ದಾಖಲಿಸುತ್ತದೆ. ಆಯೋಗ ತಾನಾಗಿ ಈ ಬದಲಾವಣೆ ತರಲಾರದು ಎಂಬುದೂ ನಿಜ. ಕೇರಳದ ಪರವೂರಿನಲ್ಲಿ 1982ರಲ್ಲಿ ಕಾನೂನಿನ ಬಲವಿಲ್ಲದೆ ಮತಯಂತ್ರ ಬಳಸಿದ್ದನ್ನು 1984ರಲ್ಲಿ ಸುಪ್ರೀಂ ಕೋರ್ಟ್ ರದ್ದುಮಾಡಿತು. ಆದರೆ 1988ರಲ್ಲಿ ಸಂಸತ್ತು ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದು ಯಂತ್ರಕ್ಕೆ ಜಾಗ ಮಾಡಿಕೊಟ್ಟಿತು. ಇಲ್ಲಿಯೂ ಅದೇ ದಾರಿ ಉಂಟು.

ಈ ಹಿನ್ನೆಲೆಯಲ್ಲಿ ಮನವಿದಾರರ ಬೇಡಿಕೆಗಳು ಹೀಗಿವೆ. ಮೊದಲನೆಯದು ಹೆಸರಿನ ಗೊಂದಲ. ಒಂದೇ ಹೆಸರಿನ ಅಭ್ಯರ್ಥಿಗಳಿದ್ದಾಗ ವೃತ್ತಿ, ವಾಸಸ್ಥಳ ಅಥವಾ ಬೇರೆ ಗುರುತು ಸೇರಿಸಿ ಅವರನ್ನು ಬೇರ್ಪಡಿಸಬೇಕೆಂದು 1961ರ ನಿಯಮಗಳು ಆಗಲೇ ಹೇಳುತ್ತವೆ. ಅಪ್ಪ ಅಮ್ಮ ಇಟ್ಟ ಹೆಸರಿನ ಕಾರಣಕ್ಕೆ ಯಾರನ್ನೂ ಸ್ಪರ್ಧೆಯಿಂದ ತಡೆಯಲಾಗದೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯೊಂದನ್ನು ಕೈಬಿಟ್ಟಿದ್ದು ಸರಿಯೇ. ಆದುದರಿಂದ ತಡೆಯುವ ಬದಲು ಬೇರ್ಪಡಿಸುವ ಕೆಲಸ ಕಟ್ಟುನಿಟ್ಟಾಗಬೇಕು. ಅದೇ ಹೆಸರಿಗಷ್ಟೇ ಅಲ್ಲದೆ ಹೋಲುವ ಹೆಸರಿಗೂ ಅದು ಅನ್ವಯಿಸಬೇಕು, ಮತಯಂತ್ರದ ಮೇಲಿನ ಹೆಸರಿನ ಕೆಳಗೆ ಪಕ್ಷದ ಹೆಸರು ಅಥವಾ ‘ಪಕ್ಷೇತರ’ ಎಂಬ ಪದ ಅಚ್ಚಾಗಬೇಕು. ಮಾನ್ಯತೆ ಪಡೆದ ಪಕ್ಷಗಳ ಚಿಹ್ನೆಯನ್ನು ಹೋಲುವ ಮುಕ್ತ ಚಿಹ್ನೆಗಳ ಪರಿಶೀಲನೆ ಚುನಾವಣೆ ಘೋಷಣೆಗೆ ಮೊದಲೇ ಮುಗಿಯಬೇಕು.

ಎರಡನೆಯದು ಹಣದ ಜಾಡು. ಯಾರನ್ನಾದರೂ ಕಣಕ್ಕಿಳಿಸಲು ಅಥವಾ ಹಿಂದೆ ಸರಿಸಲು ಹಣ ಕೊಡುವುದು ಜನಪ್ರಾತಿನಿಧ್ಯ ಕಾಯ್ದೆಯ 123ನೇ ಕಲಂ ಪ್ರಕಾರ ಭ್ರಷ್ಟಾಚರಣೆ. ಕಲಂ ಇದೆ, ಜಾಡು ಹಿಡಿಯುವವರಿಲ್ಲ. ಠೇವಣಿಯ ಹಣ ಅಭ್ಯರ್ಥಿಯ ಚುನಾವಣಾ ವೆಚ್ಚದ ಬ್ಯಾಂಕ್ ಖಾತೆಯಿಂದಲೇ ಪಾವತಿಯಾಗಬೇಕು, ಆ ಖಾತೆಗೆ ಹಣ ಎಲ್ಲಿಂದ ಬಂತೆಂಬುದನ್ನು ವೆಚ್ಚ ವೀಕ್ಷಕರು ನೋಡಬೇಕು. ಪ್ರಚಾರವೇ ಮಾಡದ ಅಭ್ಯರ್ಥಿಯ ಹೆಸರಿನಲ್ಲಿ ಪರವಾನಗಿ ಪಡೆದ ವಾಹನ, ನೇಮಕಗೊಂಡ ಏಜೆಂಟರು ಯಾರ ಪರವಾಗಿ ಓಡಾಡಿದರೆಂಬುದು ತನಿಖೆಗೆ ಒಳಪಡಬೇಕು. ಠೇವಣಿಯ ಮೊತ್ತವನ್ನು ಮಾತ್ರ ಏರಿಸಬಾರದು.

ಮೂರನೆಯದು ಮಾಹಿತಿ. ಪ್ರತಿ ಚುನಾವಣೆಯ ಅಂಕಿಅಂಶ ವರದಿಯಲ್ಲಿ ಅರ್ಧಕ್ಕಿಂತ ಕಡಿಮೆ ಮತ ಪಡೆದು ಗೆದ್ದವರ ಕ್ಷೇತ್ರಗಳನ್ನೂ, ಗೆಲುವಿನ ಅಂತರಕ್ಕಿಂತ ಮೂರನೆಯವರ ಮತ ಹೆಚ್ಚಿದ್ದ ಕ್ಷೇತ್ರಗಳನ್ನೂ ಪ್ರತ್ಯೇಕ ಪಟ್ಟಿಯಾಗಿ ಕೊಡಬೇಕು.

ಕೊನೆಯದು ಮತ್ತು ಮುಖ್ಯವಾದದ್ದು, ಪ್ರಾಶಸ್ತ್ಯ ಮತ. ಅರ್ಧಕ್ಕಿಂತ ಹೆಚ್ಚು ಮತ ಪಡೆದವರೇ ಗೆಲ್ಲುವ ವ್ಯವಸ್ಥೆಯನ್ನು ಸರ್ಕಾರ ಮತ್ತು ಆಯೋಗ ಪರಿಶೀಲಿಸಬೇಕೆಂದು ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲೇ ಹೇಳಿತ್ತು. ಎರಡು ಸುತ್ತಿನ ಮತದಾನ ಅದಕ್ಕೊಂದು ದಾರಿ, ಆದರೆ ಸಿಬ್ಬಂದಿ, ಭದ್ರತೆ, ಶಾಲೆಗಳ ರಜೆ ಎಲ್ಲವೂ ಇಮ್ಮಡಿಯಾಗುತ್ತವೆ. ಎರಡನೆಯ ಪ್ರಾಶಸ್ತ್ಯವನ್ನು ಒಂದೇ ದಿನ ಬರೆಸಿಕೊಂಡರೆ ಆ ಕೆಲಸ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಮತದಾರರು ಎರಡು ಆಯ್ಕೆಗಳನ್ನಷ್ಟೇ ಗುರುತಿಸುವ, ಎರಡನೆಯದು ಕಡ್ಡಾಯವಲ್ಲದ, ಒಂದೇ ಗುರುತಿದ್ದರೂ ಮತ ಅಸಿಂಧುವಾಗದ ಪದ್ಧತಿಯ ಕರಡನ್ನು ಆಯೋಗ ಸಿದ್ಧಪಡಿಸಿ ಕಾನೂನು ಸಚಿವಾಲಯಕ್ಕೆ ಕಳುಹಿಸಬೇಕು. ಎರಡು ಒತ್ತುವಿಕೆಯನ್ನು ದಾಖಲಿಸಬಲ್ಲ ಯಂತ್ರದ ಮಾದರಿಯನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಸಂಸ್ಥೆಗಳಿಂದ ತರಿಸಿಕೊಳ್ಳಬೇಕು. ಕಾನೂನು ತಿದ್ದುಪಡಿಯಾದ ಮೇಲೆ ಮೊದಲ ಪ್ರಯೋಗ ವಿಧಾನಸಭೆಯ ಉಪಚುನಾವಣೆಗಳಲ್ಲಿ ನಡೆಯಲಿ. ಯಂತ್ರ ಅಷ್ಟರೊಳಗೆ ಸಿದ್ಧವಾಗದಿದ್ದರೆ ಆ ಕ್ಷೇತ್ರಗಳಲ್ಲಿ ಪರಿಷತ್ ಚುನಾವಣೆಯಂತೆ ಮತಪತ್ರ ಮತ್ತು ನೇರಳೆ ಪೆನ್ನು ಬಳಸಲಿ.

ಮನವಿದಾರರು: ಕರ್ನಾಟಕದ ಮತದಾರರು

ಪ್ರತಿ: ಕಾರ್ಯದರ್ಶಿ, ಶಾಸಕಾಂಗ ಇಲಾಖೆ, ಕಾನೂನು ಮತ್ತು ನ್ಯಾಯ ಸಚಿವಾಲಯ, ನವದೆಹಲಿ, ರಾಜ್ಯ ಚುನಾವಣಾ ಆಯೋಗ, ಬೆಂಗಳೂರು.