ಎಐ ಸಹಾಯಕ: ಉಚಿತ ಸಾಕೇ, ಹಣ ಕೊಡಬೇಕೇ?

ಚಾಟ್‌ಜಿಪಿಟಿಯ ‘ಗೋ’ ಯೋಜನೆ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಯಂತೆ ಭಾರತಕ್ಕೆ ಬಂತು. ನವೆಂಬರ್ 4ರಿಂದ ಅದನ್ನೇ ಒಂದು ವರ್ಷ ಉಚಿತವಾಗಿ ಕೊಡಲಾಯಿತು. ಏರ್‌ಟೆಲ್ ಗ್ರಾಹಕರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ, ಜಿಯೋ 5ಜಿ ಗ್ರಾಹಕರಿಗೆ ಜೆಮಿನಿ ಪ್ರೊ 18 ತಿಂಗಳು ಸಿಕ್ಕಿತು. ಕೇಳದೆಯೇ ಮನೆಗೆ ಬಂದ ಈ ಸೌಲಭ್ಯಗಳ ಅವಧಿ ಮುಗಿದ ಮೇಲೆ ಹಣ ಕಟ್ಟಿ ಮುಂದುವರಿಸಬೇಕೇ ಎಂಬುದು ಈಗಿನ ಪ್ರಶ್ನೆ.

ಹಣ ಕೊಟ್ಟರೆ ಸಿಗುವುದು ಹೆಚ್ಚು ಪ್ರಶ್ನೆ ಕೇಳುವ ಅವಕಾಶ, ದೊಡ್ಡ ಕಡತ, ಹೆಚ್ಚು ಚಿತ್ರ, ಇನ್ನಷ್ಟು ಸಮರ್ಥ ಮಾದರಿ. ಬಸದಿಯ ವಾರ್ಷಿಕೋತ್ಸವದ ಆಮಂತ್ರಣ, ಅಂಗಡಿಯ ಪತ್ರವ್ಯವಹಾರ, ಮಕ್ಕಳ ಪಾಠದ ಅನುಮಾನ ಇವಿಷ್ಟಕ್ಕೆ ಉಚಿತ ಯೋಜನೆ ಧಾರಾಳವಾಯಿತು. ದಿನವಿಡೀ ಲೆಕ್ಕಪತ್ರ ನೋಡುವವರಿಗೆ, ಸಿಎ ಓದುವವರಿಗೆ ಮಾತ್ರ ಆ ವೆಚ್ಚ ಗಿಟ್ಟೀತು.

ಶ್ರಾವಕರ ಮನೆಯ ಮುಖ್ಯ ಪ್ರಶ್ನೆಗಳಿಗೆ ಮಾತ್ರ ಹಣದಿಂದ ಪರಿಹಾರವಿಲ್ಲ. ಬಿಸ್ಕತ್ತಿನ ಪೊಟ್ಟಣದ ಚಿತ್ರ ತೆಗೆದು ‘ಇದು ನಮಗೆ ಆಗುತ್ತದೆಯೇ’ ಎಂದು ಕೇಳುವುದು ಈಗ ರೂಢಿಯಾಗುತ್ತಿದೆ. ಇ120 ಎಂದರೆ ಕೀಟದಿಂದ ತೆಗೆದ ಕೆಂಪು ಬಣ್ಣ. ಅದನ್ನು ಉಚಿತ ಯೋಜನೆಯೂ ಹೇಳಬಲ್ಲದು. ಇ471 ಸಸ್ಯದ ಎಣ್ಣೆಯಿಂದಲೂ ಆಗುತ್ತದೆ, ಪ್ರಾಣಿಯ ಕೊಬ್ಬಿನಿಂದಲೂ ಆಗುತ್ತದೆ. ಮೂಲ ಯಾವುದೆಂಬುದು ಆ ಸಂಖ್ಯೆಯಲ್ಲೇ ಇಲ್ಲದ ಮೇಲೆ ಯಾವ ಯೋಜನೆ ತಾನೇ ಏನು ಹೇಳೀತು? ಅಲ್ಲಿ ಹಸಿರು ಗುರುತನ್ನೇ ನೋಡಬೇಕು. ಆ ಗುರುತಾದರೂ ಈರುಳ್ಳಿ, ಬೆಳ್ಳುಳ್ಳಿ, ಜೇನುತುಪ್ಪ ಇಲ್ಲವೆಂದು ಹೇಳುವುದಿಲ್ಲ. ಅಷ್ಟಮಿ, ಚತುರ್ದಶಿಯ ವಿಷಯವೂ ಹೀಗೆಯೇ. ತಪ್ಪು ತಿಥಿಯನ್ನೂ ಎಐ ಖಚಿತ ಧ್ವನಿಯಲ್ಲೇ ಹೇಳಿಬಿಡುತ್ತದೆ. ಉಪವಾಸದ ದಿನವನ್ನು ತಮ್ಮ ಊರಿನ ಬಸದಿಯ ಪಂಚಾಂಗದಲ್ಲೇ ನೋಡಿಕೊಳ್ಳುವುದು ಮೇಲು.

ಹಣ ಕೊಟ್ಟರೆ ಮಾಹಿತಿ ಗುಟ್ಟಾಗಿರುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಚಾಟ್‌ಜಿಪಿಟಿಯ ವೈಯಕ್ತಿಕ ಯೋಜನೆಗಳಲ್ಲಿ, ಹಣ ಕಟ್ಟಿದವರದ್ದೂ ಸೇರಿ, ಸೆಟ್ಟಿಂಗ್ಸ್‌ನಲ್ಲಿ ಬೇಡವೆಂದು ಸೂಚಿಸದಿದ್ದರೆ ಸಂಭಾಷಣೆಯನ್ನು ಮಾದರಿಯ ತರಬೇತಿಗೆ ಬಳಸಬಹುದು. ವಧು-ವರರ ವಿವರ, ಅಂಗಡಿಯ ಖಾತೆ ಹಾಕುವ ಮೊದಲು ಆ ಆಯ್ಕೆಯನ್ನು ಬದಲಿಸಿಕೊಳ್ಳಬೇಕು.

ಉಚಿತ ಅವಧಿಗೆಂದು ಕಾರ್ಡ್ ಅಥವಾ ಯುಪಿಐ ವಿವರ ಕೊಟ್ಟವರು ಆಟೋಪೇ ಪಟ್ಟಿಯನ್ನು ಒಮ್ಮೆ ತೆರೆದು ನೋಡಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಮನೆಯ ಹಿರಿಯರ ಫೋನಿನಲ್ಲಿ ಅಂಥ ಸಂದೇಶ ನೂರು ಜಾಹೀರಾತುಗಳ ನಡುವೆ ಕಳೆದುಹೋಗುವುದೇ ಹೆಚ್ಚು. ಬೇಡವಾದದ್ದನ್ನು ಯುಪಿಐ ಆ್ಯಪ್‌ನಲ್ಲೇ ರದ್ದುಮಾಡಬಹುದು.