ಕಿವಿಯೊಳಗಿನ ಕಾವಲುಗಾರ

ಹೊರಗಿನ ಮಾತನ್ನು ಒಳಗೊಯ್ಯುವುದು ಕಿವಿಯ ಸಹಜಧರ್ಮ. ಒಳಗಿನ ವಾರ್ತೆಯನ್ನು ಹೊರಗೆ ತಂದೊಪ್ಪಿಸುವ ಹೊಣೆಯನ್ನೂ ಈಗ ವಿಜ್ಞಾನವು ಅದಕ್ಕೆ ವಹಿಸಿದೆ. ಇದು ಅದ್ಭುತವೇ ಸರಿ. ಆದರೆ ಆ ವಾರ್ತೆ ಯಾರಿಗೆ ಸಲ್ಲಬೇಕೆಂಬುದು ವಿಚಾರಾರ್ಹವಾಗಿದೆ.

ಹೃದಯ ಮತ್ತು ಮೆದುಳುಗಳಲ್ಲಿ ಅತಿಸೂಕ್ಷ್ಮ ವಿದ್ಯುತ್ತು ಸದಾ ಸಂಚರಿಸುತ್ತಿರುತ್ತದೆ. ಹೃದಯದ ವಿದ್ಯುತ್ತನ್ನು ರೇಖೆಯಾಗಿಸಿದ ಲೈಡನ್ನಿನ ವಿಲೆಂ ಐಂಥೋವನ್ನರಿಗೆ 1924ರ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ಜರ್ಮನಿಯ ಯೇನಾ ನಗರದಲ್ಲಿ ಹಾನ್ಸ್ ಬರ್ಗರ್ ಅವರು ಮನುಷ್ಯನ ಮೆದುಳಿನ ಅಲೆಗಳನ್ನು ಮೊದಲಬಾರಿಗೆ ದಾಖಲಿಸಿ, 1929ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ಪರೀಕ್ಷೆಗೆ ತಲೆಯ ತುಂಬ ತಂತಿಗಳನ್ನು ಅಂಟಿಸಿಕೊಳ್ಳುವುದು ಅನಿವಾರ್ಯವಾಗಿತ್ತು. 2012ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜು ಹಾಗೂ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು, ಕಿವಿಯ ನಾಳದಲ್ಲಿಡುವ ಪುಟ್ಟ ಸಾಧನದಿಂದಲೇ ಮೆದುಳಿನ ಅಲೆಗಳನ್ನು ಗ್ರಹಿಸಬಹುದೆಂದು ತೋರಿಸಿದರು. ಹೃದಯದ ಮಿಡಿತವೂ ಅಲ್ಲಿ ಕ್ಷೀಣವಾಗಿ ದೊರೆಯುತ್ತದೆ.

ವಾಹನ ನಡೆಸುವವನಿಗೆ ಇದರ ಉಪಯೋಗ ಸ್ಪಷ್ಟ. ತೂಕಡಿಕೆ ಸಮೀಪಿಸಿದಾಗ ಸೆಕೆಂಡಿಗೆ 8ರಿಂದ 13 ಬಾರಿ ಏರಿಳಿಯುವ ಆಲ್ಫಾ ಅಲೆಗಳೂ, ನಿದ್ರೆಗೆ ಜಾರುವಾಗ ಅದಕ್ಕಿಂತ ಮಂದವಾದ ಥೀಟಾ ಅಲೆಗಳೂ ಪ್ರಬಲಿಸುತ್ತವೆ. ರೆಪ್ಪೆ ಮುಚ್ಚುವ ಮುನ್ನವೇ ಎಚ್ಚರಿಸುವ ಕಾವಲುಗಾರನೊಬ್ಬ ದೊರೆತರೆ ಎಷ್ಟೋ ಜೀವಗಳು ಉಳಿದಾವು.

ಆದರೆ ಈ ಕಾವಲುಗಾರನು ಸರ್ವಜ್ಞನಲ್ಲ. ಮೆದುಳಿನ ಅಲೆ ವೋಲ್ಟಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಭಾಗಗಳಷ್ಟು ಮಾತ್ರ. ರಸ್ತೆಯ ಕುಲುಕಾಟ, ದವಡೆಯ ಚಲನೆ, ಒಂದು ಆಕಳಿಕೆ ಇವು ಅದನ್ನು ಮುಳುಗಿಸಬಲ್ಲವು. ಸಂತೆಯ ಗದ್ದಲದಲ್ಲಿ ಪಿಸುಮಾತನ್ನು ಆಲಿಸಿದಂತೆ. ಚಲನೆಯನ್ನು ಬೇರೆಯಾಗಿ ಅಳೆದು ಕಳೆಯುವ ಉಪಾಯಗಳಿವೆ. ಆದರೂ ತಪ್ಪು ಪೂರ್ಣವಾಗಿ ನೀಗುವುದಿಲ್ಲ. ಇಂತಹ ಸಾಕ್ಷಿಯನ್ನು ಎಚ್ಚರಿಕೆಗೆ ನಂಬಬಹುದು, ದಂಡನೆಗೆ ನಂಬಲಾಗದು.

ಯುರೋಪಿನ ಒಕ್ಕೂಟವು 2024ರಲ್ಲಿ ರೂಪಿಸಿದ ಕೃತಕ ಬುದ್ಧಿಮತ್ತೆಯ ಶಾಸನವು, ಕೆಲಸದ ಸ್ಥಳದಲ್ಲಿ ಯಂತ್ರದಿಂದ ಭಾವನೆಗಳನ್ನು ಊಹಿಸುವುದನ್ನು ನಿಷೇಧಿಸಿದೆ. ಆದರೆ ದಣಿವು ಭಾವನೆಯಲ್ಲವೆಂದು ಹೇಳಿ, ಚಾಲಕರ ದಣಿವನ್ನು ಗುರುತಿಸುವ ಸಾಧನಗಳನ್ನು ಆ ನಿಷೇಧದಿಂದ ಹೊರಗಿರಿಸಿದೆ. ಪ್ರಯಾಣಿಕರ ರಕ್ಷಣೆಯ ದೃಷ್ಟಿಯಿಂದ ಇದು ಯುಕ್ತವೇ. ಆದರೂ ದಣಿವಿಗೆಂದು ತೆರೆದ ಬಾಗಿಲಲ್ಲಿ ಚಾಲಕನ ಚಿಂತೆ, ರೋಗ, ಮನೆಯ ದುಃಖಗಳೂ ಒಡೆಯನ ಕಡತವನ್ನು ಸೇರಬಾರದು. ಚಿಲಿ ದೇಶವು 2021ರಲ್ಲಿ ಮೆದುಳಿನ ಚಟುವಟಿಕೆಗೆ ಸಂವಿಧಾನದಲ್ಲಿಯೇ ರಕ್ಷಣೆಯಿತ್ತುದು ಈ ದಿಸೆಯಲ್ಲಿ ಅನುಕರಣೀಯ.

ಯುರೋಪಿನಲ್ಲಿ ಭಾರಿ ವಾಹನದ ಚಾಲಕನು ನಾಲ್ಕೂವರೆ ಗಂಟೆ ನಡೆಸಿದ ಮೇಲೆ 45 ನಿಮಿಷ ವಿರಮಿಸಬೇಕೆಂದು 2006ರ ನಿಯಮವೇ ವಿಧಿಸಿದೆ. ಗಡಿಯಾರ ಹೇಳಿದುದನ್ನು ಪಾಲಿಸದವರು ಕಿವಿಯ ಯಂತ್ರವನ್ನು ಪಾಲಿಸುವರೆಂಬ ಭರವಸೆಯೇನು? ದಣಿದವನಿಗೆ ಬೇಕಾದುದು ಮೊದಲು ವಿಶ್ರಾಂತಿ, ಅನಂತರ ಎಚ್ಚರಿಕೆ. ಆದಕಾರಣ ಕಿವಿಯೊಳಗಿನ ಈ ಕಾವಲುಗಾರನು ಚಾಲಕನ ಸೇವಕನಾಗಿರಲಿ; ಅವನ ಮೇಲಿನ ಗೂಢಚಾರನಾಗದಿರಲಿ.