ಕತ್ತಿನ ಗಂಟು ಜಾತಕವಲ್ಲ

"ನೋವೇ ಇರ್ಲಿಲ್ಲ ಡಾಕ್ಟ್ರೇ, ಅದಕ್ಕೇ ಸುಮ್ನಿದ್ದೆ." ಕತ್ತಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು ಹೊತ್ತು ಬಂದ ದೊಡ್ಡಬಳ್ಳಾಪುರ ಕಡೆಯ ನೇಕಾರರೊಬ್ಬರ ಮಾತಿದು. ಮೂರು ತಿಂಗಳಿಂದ ಸ್ವರ ಒಡೆದಿತ್ತು. ಬೀಡಿ ಬಹುಕಾಲದ ಸಂಗಾತಿ. ಗಂಟಲಿನ ಕ್ಯಾನ್ಸರ್ ಅನೇಕ ವೇಳೆ ಹೀಗೆ ನೋವಿಲ್ಲದ ಗಂಟಾಗಿಯೇ ಕಾಣಿಸಿಕೊಳ್ಳುತ್ತದೆ.

ಕತ್ತಿನಲ್ಲಿ ಸಾಲುಸಾಲಾಗಿ ಇರುವ ದುಗ್ಧಗ್ರಂಥಿಗಳು ಸೋಂಕನ್ನು ತಡೆಯುವ ಕಾವಲುಗಾರರು. ಗಂಟಲಿನಿಂದ ಹೊರಟ ಕ್ಯಾನ್ಸರ್ ಜೀವಕೋಶಗಳು ಸಾಮಾನ್ಯವಾಗಿ ಮೊದಲು ನೆಲೆಸುವುದೂ ಅಲ್ಲಿಯೇ. ಒಂದು ಗ್ರಂಥಿಗೆ ತಗುಲಿದರೂ ಬದುಕುಳಿಯುವ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ವೈದ್ಯರ ಹಳೆಯ ಲೆಕ್ಕ.

ಬೆರಳಿಗೆ ಸಿಗದ ಆಳದ ಗ್ರಂಥಿಗಳನ್ನು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ತೋರಿಸುತ್ತದೆ. ಗ್ರಂಥಿ ಒಂದು ಸೆಂಟಿಮೀಟರಿಗಿಂತ ದಪ್ಪವಾಗಿದೆಯೇ, ಹುರುಳಿಕಾಳಿನ ಆಕಾರ ಬಿಟ್ಟು ಗುಂಡಗಾಗಿದೆಯೇ, ನಡುಭಾಗ ಕೊಳೆತಿದೆಯೇ, ಅಂಚು ಮಸುಕಾಗಿದೆಯೇ ಎಂದು ತಜ್ಞರು ನೋಡುತ್ತಾರೆ. ಕ್ಯಾನ್ಸರ್ ಗ್ರಂಥಿಯ ಹೊರಪೊರೆಯನ್ನು ಒಡೆದುಕೊಂಡು ಬಂದಿದ್ದರೆ ಅಪಾಯ ಹೆಚ್ಚು. ಅಮೆರಿಕದಲ್ಲಿ 2018ರ ಜನವರಿಯಿಂದ ಬಳಕೆಗೆ ಬಂದ ಹಂತ ನಿರ್ಣಯದ ಪದ್ಧತಿಯು, ವೈರಸ್ಸಿನಿಂದ ಬರುವ ಗಂಟಲಿನ ಕ್ಯಾನ್ಸರನ್ನು ಬಿಟ್ಟು ಉಳಿದವುಗಳಲ್ಲಿ, ಈ ಅಂಶಕ್ಕೆ ವಿಶೇಷ ಸ್ಥಾನ ಕೊಟ್ಟಿದೆ.

ಆದರೆ ಸ್ಕ್ಯಾನ್ ವರದಿ ಜಾತಕವಲ್ಲ. ಅದನ್ನು ಕೈಯಲ್ಲಿ ಹಿಡಿದು "ಇನ್ನೆಷ್ಟು ತಿಂಗಳು?" ಎಂದು ಕೇಳುವ ಮನೆಯವರಿಗೆ ನಾನು ಹೇಳುವುದಿಷ್ಟೆ: ಅದು ಆಯಸ್ಸು ಎಣಿಸಲು ಅಲ್ಲ, ಚಿಕಿತ್ಸೆ ಆರಿಸಲು. ಕ್ಷಯದ ಗಂಟೂ ಸ್ಕ್ಯಾನಿನಲ್ಲಿ ಹೀಗೆಯೇ ಕಂಡೀತು. ಸಣ್ಣ ಸೂಜಿ ಹಾಕಿ ಪರೀಕ್ಷಿಸಿದ ಮೇಲೆಯೇ ನಿರ್ಧಾರ. 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ 564 ರೋಗಿಗಳಿದ್ದರು. ವಿಕಿರಣ ಮತ್ತು ಔಷಧ ಚಿಕಿತ್ಸೆ ಮುಗಿದ 12 ವಾರಗಳ ನಂತರ ಪೆಟ್-ಸಿ.ಟಿ. ಮಾಡಿ, ಗ್ರಂಥಿ ಶುದ್ಧವಾಗಿದ್ದವರಿಗೆ ಕತ್ತಿನ ಶಸ್ತ್ರಚಿಕಿತ್ಸೆಯನ್ನು ಕೈಬಿಡಲಾಯಿತು. ಇದರಿಂದ ಬದುಕುಳಿದವರ ಪ್ರಮಾಣ ಕುಗ್ಗಲಿಲ್ಲ. ಎಂದರೆ ಸ್ಕ್ಯಾನ್ ಕತ್ತಿಯನ್ನು ತಪ್ಪಿಸಲೂಬಲ್ಲದು.

ನಮ್ಮಲ್ಲಿ ನಡೆಯುವ ಎರಡು ತಪ್ಪುಗಳು ನಿಲ್ಲಬೇಕು. ಪರೀಕ್ಷೆಯಿಲ್ಲದೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗುವುದು ಒಂದು. ಗಂಟಲನ್ನು ನೋಡದೆಯೇ ಗಂಟನ್ನು ಕೊಯ್ಸಿಬಿಡುವುದು ಇನ್ನೊಂದು. ಎರಡರಿಂದಲೂ ಮೂಲರೋಗ ಒಳಗೇ ಬೆಳೆಯುತ್ತದೆ.

ಖರ್ಚಿನ ಭಯ ಸಹಜ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ನಮಗೆ ದೂರವಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸೇರಿದೆ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಮೂರು ವಾರ ದಾಟಿದ ಗಂಟು, ಒಡೆದ ಸ್ವರ, ನುಂಗುವಾಗ ತೊಡಕು, ಇವುಗಳಲ್ಲಿ ಒಂದಿದ್ದರೂ ಗಂಟಲು ತೋರಿಸಿ. ಬೀಡಿ, ಗುಟ್ಕಾಗಳನ್ನು ಇಂದೇ ಬಿಡಿ. ಗಂಟು ಚಿಕ್ಕದಿದ್ದಾಗ ಬಂದವರಿಗೆ ಹೇಳಲು ನಮ್ಮ ಬಳಿ ಒಳ್ಳೆಯ ಮಾತುಗಳು ಹೆಚ್ಚಿರುತ್ತವೆ.